ಗಡಿಯಾರ ಒಂದೇ ಎಚ್ಚರ

ಬೇಡ ಬೇಡ ಬೇಡ! ಬಟನ್ ಮೇಲಿಂದ ಕೈ ತೆಗಿ ಅಕ್ಕಾ, ನಿನ್ನ ದಮ್ಮಯ್ಯ… ಒತ್ತಿ ಹಿಡಿದ್ರೆ ಲ್ಯಾಪ್‌ಟಾಪ್ ಪೂರ್ತಿ ಆಫ್ ಆಗುತ್ತೆ. ಆಫ್ ಆದ್ರೆ ಕಥೆ ಮುಗೀತು. ಕಥೆ ಅಂದ್ರೆ ನಿಜವಾಗ್ಲೂ ನಿನ್ನ ಕಥೆಗಳೇ! ಗಂಟಲಿನ ಆಪರೇಷನ್ನಿಗೆ ಹೋಗೋಕೆ ಮುಂಚೆ ಪುಟ್ಟಿಗೋಸ್ಕರ ಕೂತು ರೆಕಾರ್ಡ್ ಮಾಡಿದ್ಯಲ್ಲ, ಅವು.

ಹೂಂ, ಸೇವ್ ಒತ್ತಿರಲಿಲ್ಲ, ಗೊತ್ತು. ಬೈತಿಲ್ಲ ಕಣೇ! ಬಾಗಿಲಲ್ಲಿ ಗಾಡಿ ನಿಂತು ಹಾರನ್ ಹೊಡೀತಿದ್ರೆ ಯಾರಿಗೆ ನೆನಪಿರುತ್ತೆ? ನೀನೇ ಮುಚ್ಚಳ ಮುಚ್ಚಿ ಹೊರಟೆ, ಇದು ನಿದ್ದೆ ಹೋಯ್ತು. ಚಾರ್ಜರ್ ಹಾಕೇ ಇತ್ತು. ಆ ಹಳೇ ರೆಕಾರ್ಡರ್ ಸೇವ್ ಒತ್ತೋವರೆಗೂ ಎಲ್ಲಾನೂ ಮೆಮೊರಿಯಲ್ಲೇ ಇಟ್ಕೊಂಡಿರುತ್ತೆ. ಕರೆಂಟ್ ಇರೋ ತನಕ ನಿನ್ನ ಧ್ವನಿ ಇರುತ್ತೆ. ಇದೆ ಅಕ್ಕಾ, ಇನ್ನೂ ಒಳಗೇ ಇದೆ. ಎಬ್ಬಿಸಬೇಕು, ಅಷ್ಟೇ.

ಯಾಕೆ ಹಾಗೆ ನೋಡ್ತೀಯ? ಆಪರೇಟಿಂಗ್ ಸಿಸ್ಟಮ್ಮಿನ ಹೊಟ್ಟೆಯೊಳಗೇ ಅಲ್ವಾ ನನ್ನ ಕೆಲಸ! ಮಲಗಿದ ಲ್ಯಾಪ್‌ಟಾಪ್ ಏಳ್ತಿಲ್ಲ ಅಂತ ದಿನಾ ದೂರು ಬರುತ್ತೆ. ಅದೂ ಇದೇ ಮಾಡೆಲ್ ಬಗ್ಗೆ. ರೋಗ ಎಲ್ಲಿದೆ ಹುಡುಕು, ಹುಡುಕು ಅಂತ ಆಫೀಸಲ್ಲಿ ನನ್ನ ಪ್ರಾಣ ತಿಂತಿದ್ದಾರೆ. ಏಳೋ ಹೊತ್ತಲ್ಲಿ ಕರ್ನಲ್ಲು, ಅಂದ್ರೆ ಸಿಸ್ಟಮ್ಮಿನ ಯಜಮಾನ, ಒಬ್ಬೊಬ್ಬರನ್ನೇ ಕರೆಯುತ್ತೆ… ಡಿಸ್ಕೇ ಏಳು, ವೈಫೈಯೇ ಏಳು, ಸ್ಕ್ರೀನೇ ಏಳು… ಯಾವನೋ ಒಬ್ಬ ಓಗೊಡಲ್ಲ. ಹಿಂದಿನವರೆಲ್ಲ ಕಾಯ್ತಾ ನಿಲ್ತಾರೆ. ಆ ಒಬ್ಬ ಯಾರು ಅಂತ ಬರೆದಿಡೋಣ ಅಂದ್ರೆ ಎಲ್ಲಿ ಬರೀತೀಯ? ಎಲ್ಲಾ ಮಲಗಿದಾವೆ! ಗಡಿಯಾರ ಒಂದೇ ಎಚ್ಚರ. ಅದಕ್ಕೇ ಟ್ರೇಸ್ ಅಂತ ಒಂದು ಪತ್ತೆ ಪರೀಕ್ಷೆ ಹಾಕಿದ್ರೆ ಕರ್ನಲ್ಲು ಆ ಗುರುತನ್ನ ಲ್ಯಾಪ್‌ಟಾಪಿನ ಗಡಿಯಾರದ ಮೇಲೇ ಗೀಚುತ್ತೆ. ಆಮೇಲೆ ತಾರೀಖು, ವರ್ಷ ಎಲ್ಲಾ ಗಬ್ಬೆದ್ದು ಹೋಗುತ್ತೆ.

ನಗು ಬಂತಾ? ನಗು, ನಗು. ಸದ್ದಿಲ್ಲದ ಈ ನಗು… ನಂಗಿನ್ನೂ ಅಭ್ಯಾಸ ಆಗಿಲ್ಲ ಅಕ್ಕಾ.

ಛೆ ಛೆ, ನಿನ್ನದಕ್ಕೆ ಹಾಕ್ತೀನಾ? ಅದೆಲ್ಲ ಆಫೀಸಿನವಕ್ಕೆ.

ತಾಳು, ಕ್ಯಾಪ್ಸ್ ಲಾಕ್ ಒತ್ತಿ ನೋಡ್ತೀನಿ. ದೀಪ ಹತ್ತಿದ್ರೆ ಜೀವ ಇದೆ ಅಂತ ಲೆಕ್ಕ. ಹತ್ತು… ಹತ್ತು ಮಾರಾಯ… ಇಲ್ಲ. ಇನ್ನೊಂದು ಲ್ಯಾಪ್‌ಟಾಪಿಂದ ನೆಟ್‌ವರ್ಕಲ್ಲಿ ಕರೆದು ನೋಡ್ತೀನಿ. ಊಹೂಂ. ಥೂ! ಮೊನ್ನೆ ಸರಿಯಾಗೇ ಎದ್ದಿತ್ತಪ್ಪ ಇದು…

ಆಂ? ಮೊನ್ನೆ ಅಂದ್ರೆ… ಹೋದ ತಿಂಗಳು. ನೀನು ಆಸ್ಪತ್ರೆಯಲ್ಲಿದ್ದಾಗ ನಾನು ಈ ರೂಮಿಗೇ ಕಾಲಿಟ್ಟಿಲ್ಲ. ಪುಟ್ಟಿ ಮೇಲಾ… ಬೇಡ, ಮಗು ಮೇಲೆ ಆಣೆ ಯಾಕೆ? ಮುಟ್ಟಿಲ್ಲ ಅಂದ್ರೆ ಮುಟ್ಟಿಲ್ಲ.

ಪುಟ್ಟಿ ಸ್ಕೂಲಿಂದ ಬರೋ ಹೊತ್ತಾಯ್ತಾ? ಬರ್ಲಿ, ಬರ್ಲಿ. ಅಮ್ಮನ ದನಿ ಕೇಳ್ತೀನಿ ಅಂತ ಬೆಳಿಗ್ಗೆಯಿಂದ ಒಂದೇ ಕುಣಿತ. ಮೊದಲನೇ ಕಥೇಲಿ ನಾನು ಬಾಗಿಲು ತಳ್ಕೊಂಡು ಬಂದ್ನಲ್ಲ, ನೀನು "ಬಾಗಿಲು ಹಾಕೋ ಕತ್ತೆ!" ಅಂದ್ಯಲ್ಲ… ಅದೂ ರೆಕಾರ್ಡ್ ಆಗಿದೆ. ತೆಗೆದುಹಾಕು ಅಂದ್ರೆ, ಪುಟ್ಟಿ ನಗ್ಲಿ ಬಿಡೋ ಅಂದೆ.

ಫ್ಯಾನ್ ಯಾಕೆ ಇಷ್ಟು ಜೋರಾಯ್ತು? ಇರು. ಇರು ಇರು… ಅಯ್ಯೋ, ಬೇಡ, ಬೇಡ ಕಣೋ…

ಚಪ್ಪಾಳೆ ತಟ್ಟಬೇಡ ಅಕ್ಕಾ. ಸ್ಕ್ರೀನ್ ಬಂತು, ಹೌದು. ಆದ್ರೆ ಇದು ನಿದ್ದೆಯಿಂದ ಎದ್ದಿದ್ದಲ್ಲ. ತಾನೇ ಆಫ್ ಆಗಿ ಮೊದಲಿಂದ ಶುರುವಾಗಿರೋದು. ಮೆಮೊರಿಯಲ್ಲಿ… ಏನೂ ಇರಲ್ಲ ಇನ್ನು. ಒಂದು ಮಾತೂ ಇರಲ್ಲ.

ಅಳಬೇಡ ಕಣೇ. ನಿನ್ನ ತಪ್ಪೇನಿದೆ? ಯಂತ್ರ ಅಂದ್ಮೇಲೆ ಕೈ ಕೊಡುತ್ತೆ. ಇದ್ರಲ್ಲಿ ಯಾರ ತಪ್ಪೂ… ಏನು? ಏನು ತೋರಿಸ್ತಿದೀಯ? ಮೂಲೇಲಾ? ತಾರೀಖು…

ಅದು… ಒಳಗಡೆ ಒಂದು ಸಣ್ಣ ಬ್ಯಾಟರಿ ಇರುತ್ತೆ, ಅದು ಹೋಗಿರಬೇಕು. ಹಳೇ ಲ್ಯಾಪ್‌ಟಾಪ್ ನೋಡು. ಒಂದೊಂದ್ಸಲ ವರ್ಷ ತಾನಾಗೇ ಹಿಂದೆ ಮುಂದೆ…

ಬೆರಳು ಇಳಿಸು ಅಕ್ಕಾ. ನೋಡ್ದೆ. ಸಾಕು, ನೋಡ್ದೆ.

ಅಕ್ಕಾ? ಹಾಗೆ ಕೂರಬೇಡ, ನಂಗೆ ಭಯ ಆಗುತ್ತೆ. ಬೈ. ತುಟಿ ಆಡಿಸಿದ್ರೂ ಸಾಕು, ಗೊತ್ತಾಗುತ್ತೆ ನಂಗೆ. ಕತ್ತೆ ಅನ್ನು… ಒಂದ್ಸಲ ಕತ್ತೆ ಅನ್ನೇ.