ಗೋಲ್‌ಕೀಪರನ ಕುದುರೆಗೆ ತೌಡು

ಹಲೋ… ಹಲೋ, ಯಾರು ಮಾತಾಡಾದು? ಸಿರುಗುಪ್ಪ ಅಕ್ಕಿ ಮಿಲ್ಲಾ?…

ಹಾಂ, ಸಾವ್ಕಾರ್ರ, ನೀವಽ ಎತ್ತಿದ್ರ್ಯಾ? ಶರಣ್ರಿ ದೊಡ್ಡಬಸಪ್ಪನೋರ. ನಾನು ಚಂದ್ರಣ್ಣ… ಚಂದ್ರಣ್ಣರೀ, ನಿಮ್ಮ ಫುಟ್ಬಾಲ್ ಟೀಮಿನ ಮ್ಯಾನೇಜರು… ಅಲ್ಲ, ಗೊಬ್ಬರದ ಅಂಗಡಿ ಚಂದ್ರಣ್ಣ ಬ್ಯಾರೆ. ಮೊನ್ನೆ ನಿಮ್ಮ ಕೈಯಾಗ ಶೀಲ್ಡು ತಂದು ಕೊಟ್ಟೆನಲ್ಲ, ಆ ಚಂದ್ರಣ್ಣ…

ಬಳ್ಳಾರಿಯಿಂದ. ಬ್ರೂಸ್‌ಪೇಟೆಯಾಗ ಒಂದು ಜವಳಿ ಅಂಗಡಿಯಾಗ ಕುಂತು ಟ್ರಂಕ್ ಕಾಲ್ ಹಚ್ಚೀನಿ… ಬಿಲ್ಲು ನನ್ನದಽರಿ, ನೀವು ಸಮಾಧಾನಲೆ ಮಾತಾಡ್ರಿ.

ವಿಷಯ ಏನಂದ್ರ, ಗೆದ್ದ ಮ್ಯಾಲೆ ನಮ್ಮ ಆಟಗಾರರ ತಲಿ ತಿರುಗೈತಿ. ಪಗಾರದ ಬದ್ಲಿ ಅಕ್ಕಿ ಕೊಡ್ತೀವಲ್ಲ, ಅದು ಎಲ್ಲಾರಿಗೂ ಹೆಚ್ಚಿಗಿ ಬೇಕಂತ. ಎರ್ರೆಪ್ಪ ಫೈನಲಿನಾಗ ಗೋಲ್ ಹೊಡದ ಅಲ್ವಾ, ಅವ್ನು ಎರಡು ಚೀಲ ಅಂತಾನ… ಗೊತ್ತೈತ್ರಿ. ಇಡೀ ಟೀಮಿಗೆ ವರ್ಷಕ್ಕ ಹದಿನೈದು ಚೀಲ, ಅದರ ಮ್ಯಾಲೆ ಒಂದು ಕಾಳು ಕೊಡಂಗಿಲ್ಲ ಅಂತ ನೀವು ಗೆರಿ ಎಳದೀರಿ. ಆ ಗೆರಿ ನಾನು ದಾಟಂಗಿಲ್ಲ…

ಹಾಂ? ಅವ್ನು ಕಾಲಿಲೆ ಹೊಡೀಲಿಲ್ಲ, ಚೆಂಡು ಬೆನ್ನಿಗೆ ಬಡದು ಒಳಗ ಹೋತು ಅಂತೀರಾ?… ಹೌದು, ಆಗ ಅವ್ನು ಆ ಕಡಿ ತಿರುಗಿ ಸೋಡಾ ಮಾರಾವ್ನ ಕೂಡ ಜಗಳ ಮಾಡಾಕತ್ತಿದ್ದ. ಆದ್ರೂ ಗೋಲು ಗೋಲಽ ಅಲ್ವಾ?… ಆತು, ಒಂದೂವರಿಗೆ ಒಪ್ಪಿಸ್ತೀನಿ. ಅವ್ನ ಸುದ್ದಿ ಬಿಡ್ರಿ.

ಈಗ ತ್ರಾಸಿರಾದು ಚಾಂದಸಾಬಂದು… ನಮ್ಮ ಗೋಲ್‌ಕೀಪರ್ರೀ, ಕುರುಗೋಡಿನ್ಯಾಗ ಜಟಕಾ ಹೊಡೀತಾನಲ್ಲ, ಅವ್ನು. ಮೊನ್ನೆ ಬಳ್ಳಾರಿಯೋರ ಚೆಂಡು ಎಲ್ಲಾ ಎದಿ ಕೊಟ್ಟು ತಡದ. ಈಗ ಆ ಬಳ್ಳಾರಿ ಟೀಮಿನೋರಽ ಅವ್ನ ಎಳಕೊಳ್ಳಾಕ ಕುಂತಾರ. ಇವತ್ತು ಸಂಜಿಗೆ ಸಹಿ ಮಾಡಿಸ್ಕೊಂತಾರಂತ… ಅಕ್ಕಿ ಅಲ್ಲರಿ. ಅವ್ರು ಕೊಡ್ತೀವಿ ಅಂದಿರಾದು ಅವ್ನ ಕುದುರಿಗೆ ತೌಡು. ವರ್ಷಪೂರ್ತಿ…

ಕುದುರಿ ನಮ್ಮ ಟೀಮಿನಾಗ ಇಲ್ಲ, ಖರೆ. ಆದ್ರ ಅದು ಉಪವಾಸ ಇದ್ರ ಚಾಂದಸಾಬನ ಮನಸ್ಸು ಗೋಲಿನಾಗ ನಿಲ್ಲಂಗಿಲ್ಲ… ನಿಮ್ಮ ಮಿಲ್ಲಿನಾಗ ತೌಡು ಗುಡ್ಡ ಬಿದ್ದಂಗ ಬಿದ್ದೈತಿ ಅಲ್ವಾ?… ತೌಡೂ ಆ ಹದಿನೈದು ಚೀಲದಾಗಽ ಬರ್ಬೇಕಾ?… ಹಿಂಗಂದ್ರ ಹೆಂಗ್ರಿ…

ಇಲ್ಲೇ ಹೊರಗ ನಿಂತಾನ. ಕುದುರಿನೂ ಐತಿ. ಎಷ್ಟು ತಿಂತೈತಿ ನೋಡ್ತೀವಿ, ಹೊಡಕೊಂಡು ಬಾ ಅಂದಿದ್ರಂತ ಬಳ್ಳಾರಿಯೋರು… ಈಗಾ? ಈಗ ಅಂಗಡಿ ಮುಂದ ತೂಗು ಬಿಟ್ಟ ಸೀರಿ ಸೆರಗು ತಿನ್ನಾಕತ್ತೈತಿ.

ಸಾವ್ಕಾರ್ರ, ಒಂದು ಮಾತು ಅಂತೀನಿ, ಸಿಟ್ಟಾಗಬ್ಯಾಡ್ರಿ. ಎರಡು ಚೀಲ ಆಟ ಆಡ್ದಽ ಹೋಗಾಕತ್ತಾವು… ಯಾರಂದ್ರ… ಹೆಂಗ ಹೇಳ್ಲಿ… ನಿಮ್ಮ ಅಳಿಯಾವ್ರು. ಹಾಲಸಿದ್ದಪ್ಪನೋರು. ಇಡೀ ವರ್ಷ ಗೆರಿ ಹೊರಗ ಕುರ್ಚಿ ಹಾಕ್ಕೊಂಡು ಕುಂತಿದ್ರು. ಒಂದ ಸಲ ಒಳಗ ಬಂದ್ರು, ಚೆಂಡು ಹತ್ರ ಬಂದ ಕೂಡ್ಲೆ ರೆಫರಿ ಹಿಂದ ಹೋಗಿ ನಿಂತ್ರು…

ಸಾವ್ಕಾರ್ರ?… ಲೈನಿನಾಗ ಅದೀರಾ?… ಎಕ್ಸ್‌ಚೇಂಜಿನ ಅಕ್ಕಾರ, ಲೈನ್ ಕಟ್ಟಾತೇನ್ರಿ?… ಅವ್ರು ಉಸಿರು ಬಿಡಾದು ನಿಮ್ಗ ಕೇಳ್ತೈತಾ? ಆತು ಬಿಡ್ರಿ, ನಾ ಲೈನಿನಾಗಽ ಅದೀನಿ.

…ಏನು? ಅಳಿಯಾವ್ರು ಅಲ್ಲೇ ಬಾಜು ಕುಂತಾರಾ? ಬ್ಯಾಡ್ರಿ, ಅವ್ರ ಕೈಯಾಗ ಫೋನ್ ಕೊಡಬ್ಯಾಡ್ರಿ, ಸಾವ್ಕಾರ್ರ…

ಹಾಂ… ನಮಸ್ಕಾರ್ರಿ ಹಾಲಸಿದ್ದಪ್ಪನೋರ. ಆರಾಮದೀರಾ?… ಇಲ್ರಿ, ರೆಫರಿ ಹಿಂದ ಅಂದ್ರ… ಆ ಜಾಗದಾಗೂ ಒಬ್ರು ಬೇಕಾಗ್ತೈತಿ ಆಟದಾಗ… ಏನಂದ್ರಿ? ಹಂಗ ಪಿಸುಗುಡಬ್ಯಾಡ್ರಿ, ಕೇಳವಲ್ದು…

ನಿಮ್ಗೂ ಬ್ಯಾಡಾಗಿತ್ತಾ? ಮದುವಿ ಆದಾಗಿಂದನಾ?… ಚೆಂಡು ಕಂಡ್ರ ಓಡಿ ಹೋಗಂಗಾಗ್ತೈತಾ… ಫೈನಲಿನ ಹಿಂದಿನ ದಿನ ಜ್ವರ ಬರ್ಲಿ ಅಂತ ಬಗಲಾಗ ಉಳ್ಳಾಗಡ್ಡಿ ಇಟ್ಕೊಂಡು ಮಕ್ಕೊಂಡಿದ್ರಾ? ನನಗ ಹೇಳಿದ್ರ ನಾನಽ ಒಂದು ಬುಟ್ಟಿ ತಂದು ಕೊಡ್ತಿದ್ದೆನಲ್ರಿ…

ನೋಡ್ರಿ, ನಾ ನಿಮ್ಗ ಅಂಜಿ, ನೀವು ಮಾವನೋರಿಗೆ ಅಂಜಿ, ಇಡೀ ವರ್ಷ ಸುಮ್ನ ಕುಂತೀವಿ… ಈಗ ಹೇಳಿ ಬಿಡ್ರಿ, ಅಲ್ಲೇ ಅದಾರಲ್ಲ… ಬಾಯಿ ಬರವಲ್ದಾ? ನಾನಽ ಹೇಳ್ಲಾ?… ಕೊಡ್ರಿ ಮತ್ತ ಫೋನು.

ಹಾಂ ಸಾವ್ಕಾರ್ರ. ಅಳಿಯಾವ್ರು ತಾವಽ ಬಿಡ್ತಾರಂತ… ಇಲ್ರಿ, ನಾನು ಹೇಳಿಕೊಟ್ಟಿಲ್ಲ. ಅವ್ರಿಗೆ ಆಟ ಅಂದ್ರ ಅಂಜಿಕಿ. ನಿಮ್ಗ ಬ್ಯಾಸರಾಗ್ತೈತಿ ಅಂತ ಬಾಯಿ ಬಿಟ್ಟಿಲ್ಲ, ಅಷ್ಟಽ…

ಹಾಂ… ಹಾಂ… ನೀವು ಸಣ್ಣಾವ್ರಿದ್ದಾಗ ಆಡ್ತಿದ್ರ್ಯಾ? ನನಗ ಗೊತ್ತಽ ಇದ್ದಿಲ್ಲ… ನಿಮ್ಮಪ್ಪಾರು ಚೆಂಡನ್ನ ಬಚ್ಚಲ ಒಲಿಯಾಗ ಹಾಕಿಬಿಟ್ರಾ? ಸಾವ್ಕಾರ್ರ ಮಗ ಒದ್ಯಾದು ಕಲ್ತ್ರ ಹೆಂಗ ಅಂತ?… ಅದಕ್ಕಽ ಅಳಿಯಾನರ ಆಡ್ಲಿ ಅಂತ ನೀವು… ಇಲ್ರಿ, ನಗಾಕತ್ತಿಲ್ಲ. ಖರೇನ ನಗಾಕತ್ತಿಲ್ಲ. ನನಗೂ ಒಂಥರಾ ಆತು ಕೇಳಿ…

ಹಾಂ? ಆ ಎರಡು ಚೀಲದ ಬದ್ಲಿ ತೌಡು ಕೊಡ್ತೀರಾ? ವರ್ಷಪೂರ್ತಿ?… ಒಂದು ಕ್ಷಣ ತಡೀರಿ. ಏ ಚಾಂದಸಾಬ್, ಆತಪಾ, ತೌಡು ಬರ್ತೈತಿ. ಕುದುರಿ ಬಾಯಾಗಿನ ಸೀರಿ ಬಿಡ್ಸು… ಕೈ ಮುಗ್ಯಾಕತ್ತಾನರಿ ನಿಮ್ಗ. ಬಳ್ಳಾರಿಯೋರಿಗೆ ಬರಂಗಿಲ್ಲ ಅಂತ ಹೇಳಾಕ ಈಗಽ ಹೊಂಟ.

…ಅಳಿಯಾವ್ರ ಜಾಗ ಖಾಲಿನಽ ಇಡ್ತೀನ್ರಿ. ಹೊಸಬ್ರ ತರಾಕ ಅಕ್ಕಿ ಎಲ್ಲೈತಿ?… ಅಕ್ಕಿ ಬ್ಯಾಡನ್ನಾವ್ರು ಒಬ್ರು ಅದಾರಾ? ಪುಗಸಟ್ಟೆ ಆಡ್ತಾರಾ? ಅಂಥಾವ್ರು ಸಿಕ್ರ ಕಣ್ಣಿಗೊತ್ಕೊಂತೀನಿ. ವಯಸ್ಸೆಷ್ಟು?… ಐವತ್ತೆಂಟು… ಐವತ್ತೆಂಟಾ?… ಯಾವೂರವ್ರು? ಹೆಸ್ರೇನು?…

ಸಾವ್ಕಾರ್ರ… ನೀವಾ?… ಇಲ್ರಿ, ಬ್ಯಾಡ ಅನ್ನಾಕ ನಾನ್ಯಾರು… ಧೋತ್ರದ ಕಚ್ಚಿ ಬಿಗಿ ಕಟ್ಟಿದ್ರ ಓಡಾಕ ಬರ್ತೈತಾ… ನಾಳಿ ಮುಂಜಾನಿಂದನಾ?… ಅಕ್ಕಾರ, ಟೈಮ್ ಆತಾ? ಇನ್ನೊಂದು ಮಾತು ಐತ್ರಿ, ಕಟ್ ಮಾಡಬ್ಯಾಡ್ರಿ… ಸಾವ್ಕಾರ್ರ, ಮದ್ಲು ಮನ್ಯಾಗ ಅಮ್ಮಾರನ್ನ ಒಂದು ಮಾತು ಕೇಳ್ರಿ, ನಿಮ್ಮ ಮೊಣಕಾಲು… ಏನು? ಸೆಂಟರ್ ಫಾರ್ವರ್ಡಾ?… ಹಲೋ… ಸಾವ್ಕಾರ್ರ… ಹಲೋ…