ಬಾವಿ ಕಡೆಯಿಂದ ಕರೆದವರು

ದೀಪ ಆರಿಸಬೇಡಿ... ಇದು ನನ್ನ ಚಿಕ್ಕಮ್ಮನ ಮಗಳಿಗೆ ಆದದ್ದು. ಮನೇಲಿ ಎಲ್ಲರೂ ಅವಳನ್ನ ಮೊಂಡಿ ಅಂತಲೇ ಕರೆಯೋದು. ಹಿಡಿದರೆ ಉಡದ ಪಟ್ಟು.

ದನದ ಡಾಕ್ಟರ್ ಆಗ್ತೀನಿ ಅಂತ ಅವಳ ಹಟ. ಓದೋಕೆ ಸೇರೋ ಮುಂಚೆ ಕೆಲಸ ಹೇಗಿರುತ್ತೆ ನೋಡು ಅಂತ ಪ್ರಾಣಿ ಆಸ್ಪತ್ರೆಯ ಡಾಕ್ಟರಮ್ಮ ಒಪ್ಪಿದ್ದರು. "ನೋಡು, ಕೇಳು. ಕೈ ಮಾತ್ರ ಹಾಕಬೇಡ" ಅಂದಿದ್ದರು. ಚಿಕ್ಕಪ್ಪನಿಗೆ ಇದು ಸುತರಾಂ ಇಷ್ಟ ಇಲ್ಲ. "ಸಗಣಿ ಬಳಿಯೋಕೆ ಓದಬೇಕಾ? ಇವತ್ತೂ ತಡ ಮಾಡಿದ್ರೆ ನಾಳೆಯಿಂದ ಹೊಸಿಲು ದಾಟಬೇಡ!"

ಅವತ್ತೇ ಒಂದು ಎಳೆಗರು ಬಂತು. ಭೇದಿಯಾಗಿ ಕಣ್ಣು ಗುಳಿ ಬಿದ್ದಿತ್ತು. ಒಡೆಯ ಗೋಣಿಯಲ್ಲಿ ಸುತ್ತಿ, ಎತ್ತಿಕೊಂಡೇ ತಂದಿದ್ದ. ಡಾಕ್ಟರಮ್ಮ ಡ್ರಿಪ್ ಹಾಕಿ, "ಈ ರಾತ್ರಿ ದಾಟಿದ್ರೆ ಬದುಕುತ್ತೆ" ಅಂತ ಹೇಳಿ ಮನೆಗೆ ಹೋದರು.

ಮೊಂಡಿಯೂ ಹೊರಟಳು. ಕತ್ತಲಾಗಿತ್ತು. ಆಸ್ಪತ್ರೆ ಹಿಂದೆ ಒಂದು ಹಾಳು ಬಾವಿ. ಅದರ ಪಕ್ಕದಲ್ಲೇ ಒಳದಾರಿ. ಬಾವಿ ದಾಟಿ ನಾಲ್ಕು ಹೆಜ್ಜೆ ಇಟ್ಟಿದ್ದಾಳೆ...

ಚ್ಚ್... ಚ್ಚ್...

ದನ ಕರೆಯೋಕೆ ನಾಲಿಗೆಯಲ್ಲಿ ಲೊಚಗುಟ್ತೀವಲ್ಲ, ಅದೇ ಸದ್ದು. ಬಾವಿಯೊಳಗಿಂದ. ಆಮೇಲೆ ಒಂದು ದನಿ. ಮುದ್ದು ಮಾಡೋ ಹಾಗೆ. "ಬಾ... ಬಾ..."

ಅದಕ್ಕೆ ಉತ್ತರವೇನೋ ಅನ್ನೋ ಹಾಗೆ ಆಸ್ಪತ್ರೆ ಒಳಗೆ ಸಿಮೆಂಟು ನೆಲದ ಮೇಲೆ ಗೊರಸಿನ ಸದ್ದು. ಟಕ್... ಟಕ್... ಹಿಂದೆಯೇ ಡ್ರಿಪ್ಪಿನ ಕಬ್ಬಿಣದ ಕಂಬ ಕೀರ್‍ರ್ ಅಂತ ಎಳೆದುಕೊಂಡು ಬರೋ ಸದ್ದು. ಕತ್ತೆತ್ತೋಕೂ ಆಗದ ಕರು ಅದು!

ಅವಳು ತಿರುಗಿ ಓಡಿದಳು. ಬಾಗಿಲಲ್ಲಿ ರಾತ್ರಿ ಕಾವಲಿನ ಅಟೆಂಡರ್ ಅಣ್ಣ ತಲೆಗೆ ಹೊದಿಕೆ ಸುತ್ತಿ ಮುದುಡಿಕೊಂಡಿದ್ದ.

"ಕೇಳಿಸ್ತಾ?" ಅಂದ ಪಿಸುದನಿಯಲ್ಲಿ.

"ಕೇಳಿಸ್ತು."

"ಹಾಗಾದ್ರೆ ಮನೆಗೆ ಹೋಗಮ್ಮ. ಕರೆ ಬಂದ ಮೇಲೆ ಯಾವ ದನವೂ ಬೆಳಕು ಹರಿಯೋ ತನಕ ಉಳಿಯಲ್ಲ. ನಾವು ಅಡ್ಡ ಹೋಗಬಾರದು."

"ಯಾಕೆ ಹೋಗಬಾರದು? ಯಾರು ಮಾಡಿದ ಕಾನೂನು?"

ಕರು ಹಿಂಬಾಗಿಲಿಗೆ ಹಣೆ ಒತ್ತಿ ನಿಂತಿತ್ತು. ಮೊಂಡಿ ಅದರ ಕತ್ತು ತಬ್ಬಿ, ಬಾಗಿಲಿಗೆ ಬೆನ್ನು ಕೊಟ್ಟು ಕೂತಳು. ಬರೀ ನೋಡೋ ಕೆಲಸ ಅಲ್ಲಿಗೆ ಮುಗೀತು.

ಹಲಗೆಯ ಆಚೆ, ಅವಳ ಕಿವಿಗೆ ಸರಿಯಾಗಿ... ಚ್ಚ್... ಚ್ಚ್...

"ಬಿಡು ಮಗಳೇ... ಅದು ನಮ್ಮದು."

ಹಲ್ಲು ಕಟಕಟ ಅಂತಿತ್ತು. ಆದ್ರೂ ಗಂಟಲು ಹರಿಯೋ ಹಾಗೆ ಕೂಗಿದಳು. "ಬಿಡಲ್ಲ! ನಮ್ಮಪ್ಪ ಹೇಳಿದ್ದನ್ನೇ ಕೇಳೋಳಲ್ಲ ನಾನು. ನೀನ್ಯಾವ ಊರ ದಾಸಯ್ಯ?"

ಅಷ್ಟು ಹೊತ್ತಿಗೆ ಆ ಅಪ್ಪನೇ ಬಂದರು! ಕೈಯಲ್ಲಿ ಟಾರ್ಚು, ಮೂಗಿನ ತುದಿಯಲ್ಲಿ ಸಿಟ್ಟು. "ಗಂಟೆ ಎಷ್ಟಾಯ್ತು ಅಂತ..."

ಚ್ಚ್... ಚ್ಚ್... "ಬಾ..."

ಚಿಕ್ಕಪ್ಪ ಟಾರ್ಚು ಆ ಕಡೆ ತಿರುಗಿಸಿದರು. ಬಾಗಿಲು ನೋಡಿದರು. ಕರು ನೋಡಿದರು. ಕರುವಿನ ಕತ್ತು ಬಿಡದ ಮಗಳ ಕೈ ನೋಡಿದರು. ಚಪ್ಪಲಿ ಬಿಟ್ಟು ಅವಳ ಪಕ್ಕ ನೆಲದ ಮೇಲೆ ಕೂತರು.

"ಎಲ್ಲಿ ಹಿಡೀಬೇಕು, ಹೇಳು."

ಹೇಳಿಕೊಟ್ಟಳು. ಹಿಡಿದರು.

ರಾತ್ರಿಯೆಲ್ಲ ಕರೆ ನಿಲ್ಲಲಿಲ್ಲ. ಕರು ಜಗ್ಗೋದೂ ನಿಲ್ಲಲಿಲ್ಲ. ಕೊನೆಗೆ ಚಿಕ್ಕಪ್ಪನೇ ಗುಡುಗಿದರಂತೆ. "ಕೂಗ್ರಿ, ಎಷ್ಟು ಬೇಕಾದ್ರೂ ಕೂಗ್ರಿ! ಗಂಟಲು ನಿಮ್ದು, ಕರು ನಮ್ದು!"

ಬೆಳಕು ಹರಿಯಿತು. ಸದ್ದು ನಿಂತಿತು. ಕರು ಮೊಂಡಿಯ ಬೆರಳು ಬಾಯಿಗೆ ತಗೊಂಡು ಚೀಪತೊಡಗಿತು.

ಡಾಕ್ಟರಮ್ಮ ಬಂದು ಪರೀಕ್ಷೆ ಮಾಡ್ತಾ ಮಾಡ್ತಾ ಕತ್ತಿನ ಹತ್ತಿರ ನಿಂತರು. "ಈ ಹಗ್ಗ ಯಾರು ಕಟ್ಟಿದ್ದು?"

ಯಾರೂ ಕಟ್ಟಿರಲಿಲ್ಲ. ಅಪ್ಪ ಮಗಳು ಇಬ್ಬರೂ ಇಡೀ ರಾತ್ರಿ ಅದೇ ಕತ್ತು ಹಿಡಿದು ಕೂತವರು. ಹಗ್ಗ ಇರಲೇ ಇಲ್ಲ. ಈಗ ಇತ್ತು... ಹೆಬ್ಬೆರಳು ಗಾತ್ರ, ಪಾಚಿ ಹಿಡಿದದ್ದು. ತುದಿ ಕುಯ್ದದ್ದಲ್ಲ, ಜಗ್ಗಿ ಜಗ್ಗಿ ಹರಿದದ್ದು.

ಕಟ್ಟುಕತೆ ಅಂತೀರೇನೋ, ಅನ್ನಿ. ಚಿಕ್ಕಪ್ಪ ತಮಾಷೆಗೂ ಸುಳ್ಳು ಹೇಳೋರಲ್ಲ. ನಡೆದದ್ದೇ ಇದು. ಆ ಹಗ್ಗ ಬಿಚ್ಚಿ ಬಿಸಿಲಿಗೆ ನೇತುಹಾಕಿದರಂತೆ... ಸಂಜೆಯಾದರೂ ಅದರಿಂದ ನೀರು ತೊಟ್ಟಿಕ್ಕುತ್ತಲೇ ಇತ್ತು.