ಕ್ರೀಮಕ್ಕನ ಹಸಿರು ಕೇಕು

ಮೊದಲು ಆ ಕಿಟಕಿ ಹಾಕ್ಬಿಡಿ. ಹೆದರಿಕೆಗಲ್ಲ... ಅದು ಬಡ್ಕೊಳ್ತಾ ಇದ್ರೆ ನನಗೆ ಮಾತಿನ ಎಳೆ ತಪ್ಪುತ್ತೆ.

ಇದು ಯಾರೋ ಯಾರಿಗೋ ಹೇಳಿದ್ದಲ್ಲ. ನಮ್ಮ ಸೋದರತ್ತೆ ಮಗನಿಗೆ ಆಗಿದ್ದು. ಭಾವ ಅಂತಲೇ ನಾನು ಕರೆಯೋದು. ಅರ್ಧ ಅವನ ಬಾಯಿಂದ ಕೇಳಿದ್ದು. ಉಳಿದರ್ಧ ನಡೆದಾಗ ನಾನೇ ಆ ಮನೇಲಿದ್ದೆ, ಕೈಯಲ್ಲಿ ತಟ್ಟೆ ಹಿಡ್ಕೊಂಡು.

ಭಾವನದು ಲಿಫ್ಟ್ ರಿಪೇರಿ ಕೆಲಸ. ಕತ್ತಲ ಗುಂಡಿಯೊಳಗೆ ನಿಂತು ಹಗ್ಗ, ಗಾಲಿ, ಮೋಟಾರಿಗೆ ಕಿವಿಗೊಟ್ಟು ಕೇಳೋನು. ಯಾವ ಗಾಲಿ ಸವೆದಿದೆ, ಯಾವುದಕ್ಕೆ ಎಣ್ಣೆ ಬೇಕು, ಎಲ್ಲಾ ಸದ್ದಲ್ಲೇ ಹೇಳ್ತಿದ್ದ. ಅಂಥ ಕಿವಿ. ಇದನ್ನ ಯಾಕೆ ಹೇಳ್ದೆ ಅಂದ್ರೆ, ಮುಂದಿನದನ್ನ ಕೇಳಿ ನೀವು 'ಪಾಪ, ಏನೋ ಗಾಳಿ ಸದ್ದಿರ್ಬೇಕು' ಅನ್ಬಾರ್ದು.

ಒಂದು ರಾತ್ರಿ ಯಾವುದೋ ದೊಡ್ಡ ಕಟ್ಟಡದಲ್ಲಿ ಲಿಫ್ಟು ಎರಡು ಮಹಡಿ ನಡುವೆ ಸಿಕ್ಕಿಹಾಕ್ಕೊಂಡು, ಇವನು ಕೆಲಸ ಮುಗಿಸೋ ಹೊತ್ತಿಗೆ ಬಸ್ಸು ನಿಂತುಹೋಗಿತ್ತು. ನಡ್ಕೊಂಡೇ ಬಂದ. ಮನೆಗೆ ತಿರುಗೋ ಓಣಿಯಲ್ಲಿ ಒಂದು ಹಳೇ ಬಾವಿ ಇದೆ. ಯಾರೂ ನೀರು ಸೇದಲ್ಲ. ಮೇಲೆ ಕಬ್ಬಿಣದ ಜಾಲರಿ, ಸುತ್ತ ಕಲ್ಲಿನ ಕಟ್ಟೆ. ಅದರ ಪಕ್ಕ ಬಂದಾಗ ಇವನ ಕಾಲು ತಾನಾಗೇ ಬೇಗ ಬೇಗ ಬೀಳ್ತಿತ್ತು. ಹತ್ತಿರ ಹತ್ತಿರ ವರ್ಷದ ಹಿಂದೆ ಅವನ ಹೆಂಡತಿ ಸತ್ತಿದ್ದು ಅದೇ ಕಟ್ಟೆಗೆ ಒರಗಿಕೊಂಡು.

ಆಗ ಕೇಳಿಸ್ತು.

ಟಪ್... ಟಪ್... ಟಪ್...

ನಿಂತ. ಬಾವಿ ಕಡೆಯಿಂದ. ಒಣ ಸದ್ದು. ನಡುನಡುವೆ ತೆಳ್ಳಗೆ ಒಂದು ಠಿಣ್.

ಆ ಸದ್ದು ಅವನಿಗೆ ಗೊತ್ತಿತ್ತು. ಜರಡಿ ಸದ್ದು. ಹಿಟ್ಟಿನ ಜರಡಿಯ ಅಂಚಿಗೆ ಅಂಗೈಯಿಂದ ತಟ್ಟಿದ್ರೆ ಟಪ್. ಬೆರಳಿನ ಉಂಗುರ ತಗುಲಿದ್ರೆ ಠಿಣ್. ಮದುವೆಯಾದಾಗಿಂದ ಅಡುಗೆಮನೆಯಿಂದ ಕೇಳಿದ ಸದ್ದು ಅದು.

"ಯಾರು?" ಅಂದ.

ಜರಡಿ ನಿಂತಿತು. ಆಮೇಲೆ... ಕಿವಿ ಪಕ್ಕದಲ್ಲೇ ಪಿಸುಗುಟ್ಟಿದ ಹಾಗೆ...

"ರೀ... ಸ್ವಲ್ಪ ಬರ್ತೀರಾ?"

ಭಾವ ಓಡಿದ. ಅಷ್ಟು ದೊಡ್ಡ ಗಂಡಸು, ಚೀಲ ಅಲ್ಲೇ ಬಿಸಾಕಿ ಓಡಿದ.

ಅವಳ ವಿಷಯ ಹೇಳ್ಬೇಕು ಈಗ. ನಾವೆಲ್ಲ ಅವಳನ್ನ ಕ್ರೀಮಕ್ಕ ಅಂತ ಕರೀತಿದ್ವಿ. ಬೇಕರಿಯಲ್ಲಿ ಕೇಕಿಗೆ ಕ್ರೀಮು ಹಚ್ಚೋ ಕೆಲಸ. ಎಷ್ಟು ಸೋಪು ಹಾಕಿ ತಿಕ್ಕಿದ್ರೂ ಕೈಯಿಂದ ವೆನಿಲಾ ವಾಸನೆ ಹೋಗ್ತಿರ್ಲಿಲ್ಲ. ಮಕ್ಕಳು ಅವಳ ಕೈ ಹಿಡ್ಕೊಂಡು ಮೂಸ್ತಿದ್ರು. ಅವಳಿಗೆ ತನ್ನದು ಅಂತ ಇದ್ದಿದ್ದು ಒಂದೇ ಕೇಕು, ಹಸಿರು ಟೀ ಎಲೆಯ ಪುಡಿ ಹಾಕಿದ ಗ್ರೀನ್ ಟೀ ಕೇಕು. ತೆಳ್ಳಗಿನ ಹಸಿರು ಪದರಗಳನ್ನ ಒಂದೊಂದಾಗಿ ಬೇಯಿಸಿ, ಆರಿಸಿ, ನಡುವೆ ಬಿಳೀ ಕ್ರೀಮು ಹಚ್ಚಿ ಒಂದರ ಮೇಲೊಂದು ಕೂರಿಸೋದು. ಒಂದು ಕೇಕಿಗೆ ಇಡೀ ದಿನ ಬೇಕು.

ಒಂದ್ಸಲ ತಾವು ಮದುವೆಯಾದ ದಿನಕ್ಕೆ ಅಂತ ಮನೇಲಿ ಮಾಡಿದ್ಳು. ನೆಂಟರೆಲ್ಲ ಕೂತಿದ್ರು. ಭಾವ ಒಂದು ತುಂಡು ಬಾಯಿಗೆ ಹಾಕ್ಕೊಂಡು ಅಂದ: "ಒಳ್ಳೇ ಹುಲ್ಲು ಕಣ್ರೋ. ತಿನ್ನೋಕೆ ನಮಗೆ ಇನ್ನೆರಡು ಕಾಲು ಬೇಕಷ್ಟೆ."

ಮನೆ ತುಂಬ ನಗು. ಕ್ರೀಮಕ್ಕನೂ ನಕ್ಕಳು. ನೆಂಟರು ಹೋದ ಮೇಲೆ ಉಳಿದ ಕೇಕನ್ನ ಕಸದ ಬುಟ್ಟಿಗೆ ಕೆರೆದು ಹಾಕಿ, ಮುಚ್ಚಳ ಸದ್ದಾಗದ ಹಾಗೆ ಮುಚ್ಚಿದ್ಳಂತೆ. ಮತ್ತೆ ಆ ಮನೇಲಿ ಕೇಕು ಅನ್ನೋದು ಆಗಲಿಲ್ಲ.

ಸತ್ತ ದಿನದ್ದು ಇನ್ನೂ ಕೆಟ್ಟದು. ಊರಿಗೆಲ್ಲ ಗೊತ್ತಿದ್ದಿದ್ದು ಇಷ್ಟು: ಬೇಕರಿಯಿಂದ ಬರ್ತಾ ಎದೆ ನೋವು ಬಂತು, ಬಾವಿಕಟ್ಟೆ ಹತ್ರ ಕೂತಳು, ಹೋದಳು. ಗಂಡ ಹುಡುಕ್ಕೊಂಡು ಹೋದಾಗ ಜೀವ ಇರ್ಲಿಲ್ಲ. ಫೋನು ಯಾರೋ ಕದ್ದಿದ್ರು.

ಗೊತ್ತಿಲ್ಲದ್ದು ಏನಂದ್ರೆ... ಅವಳು ಭಾವನಿಗೆ ಫೋನು ಮಾಡಿದ್ದಳು. "ರೀ, ಎದೆ ಹಿಡ್ಕೊಂಡ ಹಾಗಾಗ್ತಿದೆ. ಸ್ವಲ್ಪ ಬರ್ತೀರಾ?" ಭಾವ ಮನೇಲೇ ಇದ್ದ. ಕಾಲು ಚಾಚಿ ಟಿವಿ ನೋಡ್ತಿದ್ದ. "ನಾಲ್ಕು ಹೆಜ್ಜೆ ತಾನೇ, ನಿಧಾನಕ್ಕೆ ನಡ್ಕೊಂಡು ಬಾ" ಅಂದ. ಆಮೇಲೂ ಫೋನು ಬಂತು. ಎತ್ತಲಿಲ್ಲ. ಕೊನೆಗೆ ಹೋಗಿ ನೋಡಿದ್ರೆ, ಕಟ್ಟೆಗೆ ಒರಗಿದಾಳೆ, ಕೈಯಲ್ಲಿ ಫೋನು ಹಾಗೇ ಇದೆ. ಅದರಲ್ಲಿ ಇವನ ಹೆಸರೇ ಮೇಲಿಂದ ಕೆಳಗಿನವರೆಗೆ. ಜನರನ್ನ ಕೂಗೋಕೆ ಮುಂಚೆ ಇವನು ಮಾಡಿದ ಮೊದಲ ಕೆಲಸ ಏನು ಗೊತ್ತಾ? ಅವಳ ಬೆರಳು ಬಿಡಿಸಿ ಫೋನು ತಗೊಂಡ. ಜಾಲರಿ ಸಂದಿಯಿಂದ ಬಾವಿಗೆ ಬಿಟ್ಟ.

ಡುಬುಕ್.

ಅಷ್ಟೆ. ಇದನ್ನ ಅವನು ಒಂದು ನರಪಿಳ್ಳೆಗೂ ಹೇಳಿರ್ಲಿಲ್ಲ. ಅದಕ್ಕೇ ಆ ರಾತ್ರಿ ಬಾವಿ ಹತ್ರ ಆ ಮಾತು ಕೇಳಿ ಓಡಿದ್ದು. ಆ ಮಾತು ಇದ್ದಿದ್ದು ಇವನ ಕಿವಿಯಲ್ಲಿ ಮಾತ್ರ.

ಅಲ್ಲಿಂದಾಚೆಗೆ ಸದ್ದು ಮನೆಗೇ ಬಂತು. ಸಂಜೆಯಾದ್ರೆ ಅಡುಗೆಮನೆಯಲ್ಲಿ ಟಪ್... ಟಪ್... ಠಿಣ್. ದೀಪ ಹಾಕಿದ್ರೆ ಜರಡಿ ಮೊಳೆಗೆ ಹಾಕಿದ ಹಾಗೇ ಇರುತ್ತೆ, ಅಲ್ಲಾಡದೆ. ಭಾವ ತನಗೆ ತಾನೇ ಒಂದು ಸಮಾಧಾನ ಹುಡುಕ್ಕೊಂಡ. ಅವಳಿಗೆ ಕೇಕಿನ ವಿಷಯಕ್ಕೆ ಕೋಪ, ಅವತ್ತು ಆಡ್ಕೊಂಡು ನಕ್ಕೆ ಅಂತ ಕೋಪ. ಅದೇ ಕೇಕು ನನ್ನ ಕೈಯಾರೆ ಮಾಡಿ, ವರ್ಷದ ದಿನ ಅದೇ ನೆಂಟರಿಗೆ ಬಡಿಸಿದ್ರೆ ಹೋಗ್ತಾಳೆ.

ಕೇಕಿನ ವಿಷಯಕ್ಕೇ ಕೋಪ ಅಂದ್ಕೊಳ್ಳೋದು ಸುಲಭ, ನೋಡಿ.

ನಾದಿನಿಯನ್ನ ಕರೆಸ್ಕೊಂಡ. ಕ್ರೀಮಕ್ಕನ ತಂಗಿ, ದರ್ಜಿ. ಮಾತು ಕಡಿಮೆ, ಕಣ್ಣು ಚುರುಕು. ಅಕ್ಕ ಮಾಡೋದನ್ನ ನೋಡಿ ಕಲ್ತಿದ್ಳು. ವರ್ಷದ ದಿನ ಬೆಳಗ್ಗೆನೇ ಇಬ್ಬರೂ ಶುರು ಮಾಡಿದ್ರು. ಮೊಟ್ಟೆ ಒಡೆದು, ಸಕ್ಕರೆ ಹಾಕಿ, ನೊರೆ ಬೆಳ್ಳಗಾಗೋವರೆಗೆ ಕಡೆದ್ರು. ಲಿಫ್ಟಿನ ಹಗ್ಗ ಎಳೆಯೋ ತೋಳು ಭಾವನದು, ಆದ್ರೂ ಬೆವರು ಕಿತ್ಕೊಂಡು ಬಂತು.

"ಟೀ ಪುಡಿ ಜರಡಿ ಹಿಡೀರಿ ಭಾವ. ಗಂಟು ಉಳಿದ್ರೆ ಅಲ್ಲಲ್ಲಿ ಕಹಿ ಕಹಿ ಸಿಗುತ್ತೆ."

ಭಾವ ಜರಡಿ ಇಳಿಸಿದ. ಹಸಿರು ಪುಡಿ ಸುರಿದ್ಕೊಂಡ. ಅಷ್ಟರಲ್ಲಿ ಬಿಸಿಯಾಗೋಕೆ ಹಚ್ಚಿಟ್ಟಿದ್ದ ಓವನ್ನಿಂದ ಕರಕಲು ವಾಸನೆ ಬಂತು, ಜರಡಿಯನ್ನ ಮೇಜಿಗೆ ಹಾಸಿದ್ದ ಕಾಗದದ ಮೇಲಿಟ್ಟು ಆ ಕಡೆ ತಿರುಗಿದ. ನಾದಿನಿ ಬೆಣ್ಣೆ ತರೋಕೆ ಹೊರಗೆ ಹೋಗಿದ್ಳು.

ಬೆನ್ನ ಹಿಂದೆ... ಟಪ್. ಟಪ್. ಟಪ್. ಠಿಣ್.

ತಿರುಗಲಿಲ್ಲ ಅವನು. ಓವನ್ನಿನ ಗಾಜನ್ನೇ ದಿಟ್ಟಿಸ್ತಾ ನಿಂತ. ಸದ್ದು ನಿಂತ ಮೇಲೆ ನೋಡಿದ್ರೆ ಕಾಗದದ ಮೇಲೆ ಹಸಿರು ಗುಡ್ಡೆ. ನುಣ್ಣಗೆ, ಕಣ್ಣಿಗೆ ಹಚ್ಚೋ ಕಾಡಿಗೆ ಹಾಗೆ. ಒಂದು ಗಂಟಿಲ್ಲ.

ನಾದಿನಿ ಬಂದು ಬೆರಳಲ್ಲಿ ಮುಟ್ಟಿ ನೋಡಿದ್ಳು. "ಅಕ್ಕನ ಹಾಗೇ ಮಾಡಿದ್ದೀರಲ್ಲ. ಇಷ್ಟು ಬೇಗ ಆಯ್ತಾ?"

"ಹೂಂ."

ಅವಳು ಅವನ ಮುಖ ನೋಡಿದ್ಳು. "ಭಾವ, ಒಂದು ಕೇಳ್ಲಾ? ಅವತ್ತು ಅಕ್ಕ ನಿಮಗೆ ಫೋನು ಮಾಡ್ಲಿಲ್ವಾ?"

"ಇಲ್ಲ."

"ಒಂದ್ಸಲನೂ?"

"ಇಲ್ಲ ಅಂದ್ನಲ್ಲ."

ನಾದಿನಿ ಪುಡಿಯನ್ನ ಹಿಟ್ಟಿಗೆ ಬೆರೆಸಿದ್ಳು. ಪದರ ಬೇಯಿಸಿದ್ರು, ಆರಿಸಿದ್ರು, ಕ್ರೀಮು ಹಚ್ಚಿದ್ರು. ಸಂಜೆಗೆ ಕೇಕು ಎದ್ದು ನಿಂತಿತು. ಹಸಿರು, ಬಿಳಿ, ಹಸಿರು, ಬಿಳಿ... ಗೆರೆ ಎಳೆದ ಹಾಗೆ. ನಾನು ಹೋದಾಗ ಅದು ಕ್ರೀಮಕ್ಕನ ಫೋಟೋ ಮುಂದೆ ಮೇಜಿನ ಮೇಲಿತ್ತು. ನಿಜ ಹೇಳ್ಬೇಕಂದ್ರೆ, ಬೇಕರಿಯ ಗಾಜಿನೊಳಗೂ ಅಂಥದ್ದನ್ನ ನಾನು ನೋಡಿಲ್ಲ.

ಎಲ್ಲರೂ ಬಂದ್ರು. ಅವತ್ತು ನಕ್ಕವರೇ ಎಲ್ಲ. ಈಗ ಒಬ್ಬೊಬ್ಬರೂ 'ಅಯ್ಯೋ, ಅವಳ ಕೈ ಅಂದ್ರೆ ಕೈ' ಅನ್ನೋರೇ. ಪಕ್ಕದ ಮನೆಯಾಕೆ ಕಣ್ಣೊರೆಸ್ಕೊಳ್ತಾ ಎರಡನೇ ತುಂಡಿಗೆ ತಟ್ಟೆ ಚಾಚಿದ್ಳು. ನಾನೂ ತಿಂದೆ. ಮೊದಲು ಸಿಹಿ, ಆಮೇಲೆ ನಾಲಿಗೆ ಬುಡದಲ್ಲಿ ಒಂದು ಕಹಿ. ಆ ಕಹಿ ಬೇಗ ಹೋಗಲ್ಲ.

ಕ್ರೀಮಕ್ಕನ ತಾಯಿ ಕುರ್ಚಿಯಲ್ಲಿ ಕೂತಿದ್ರು, ಸಣ್ಣ ಜೀವ. ಒಂದು ಚೂರು ಬಾಯಿಗಿಟ್ಟು ನಿಧಾನಕ್ಕೆ ಚಪ್ಪರಿಸಿದ್ರು.

"ಸಕ್ಕರೆ ಒಂದಿಷ್ಟು ಕಡಿಮೆ. ಅವಳೂ ಹೀಗೇ ಹಾಕ್ತಿದ್ಳು" ಅಂದ್ರು. ಆಮೇಲೆ, "ಒಂದೇ ಕೊರಗು ನನಗೆ, ಅಳಿಯಂದ್ರೆ. ಯಾರನ್ನಾದ್ರೂ ಕರೀಬಾರ್ದಿತ್ತಾ ಅವಳು? ಒಂದು ಮಾತು ಹೇಳಿದ್ರೆ ನೀವು ಓಡಿ ಬರ್ತಿರ್ಲಿಲ್ವಾ?"

ಭಾವ ತಟ್ಟೆ ನೋಡ್ತಾ ಅಂದ: "ಹೌದು ಅತ್ತೆ. ಕರೆದಿದ್ರೆ ಓಡಿ ಬರ್ತಿದ್ದೆ."

ಟಪ್.

ಅಡುಗೆಮನೆಯಿಂದ. ನಾನೂ ಕೇಳಿದೆ. ಆಣೆ ಮಾಡಿ ಹೇಳ್ತೀನಿ.

ಟಪ್... ಟಪ್... ಠಿಣ್.

ನಾದಿನಿ ಎದ್ದು ನಿಂತಳು. ಅಡುಗೆಮನೆಯಲ್ಲಿ ಯಾರೂ ಇಲ್ಲ, ಬಾಗಿಲು ತೆರೆದೇ ಇದೆ, ಎಲ್ಲರಿಗೂ ಕಾಣ್ತಿದೆ. ಸದ್ದು ನಿಂತಿತು. ಆ ಮುದುಕಿ ಮಾತ್ರ ಕುತ್ತಿಗೆ ಸ್ವಲ್ಪ ಓರೆ ಮಾಡಿ, ಮಗು ಗುಟ್ಟು ಹೇಳಿದ್ರೆ ಕೇಳಿಸ್ಕೊಳ್ತಾರಲ್ಲ, ಹಾಗೆ...

"ಏನಮ್ಮ?" ಅಂದ್ರು, ಮೆತ್ತಗೆ. "ಯಾರ್ನ ಕರೀತಿದ್ದೀಯ?"

ನಮಗೇನೂ ಕೇಳಿಸ್ತಿಲ್ಲ. ಅವರು ತಲೆ ಆಡಿಸ್ತಿದಾರೆ... ಹೂಂ... ಹೂಂ... ಆಮೇಲೆ ನಿಧಾನಕ್ಕೆ ಭಾವನ ಕಡೆ ತಿರುಗಿದ್ರು.

"ಕರೆದ್ಲಂತೆ."

ಭಾವನ ಮುಖ ಸುಣ್ಣ.

"ನೀವು ಏನಂದ್ರಿ?"

ಭಾವ ತಟ್ಟೆ ಕೆಳಗಿಟ್ಟ. "ನಾಲ್ಕು ಹೆಜ್ಜೆ ತಾನೇ... ನಡ್ಕೊಂಡು ಬಾ ಅಂದೆ." ಅಲ್ಲಿಂದ ಕಟ್ಟೆ ಒಡೆದ ಹಾಗೆ ಎಲ್ಲ ಬಂತು. ಟಿವಿ, ಎತ್ತದ ಫೋನು, ಬಿಡಿಸಿದ ಬೆರಳು, ಬಾವಿ. ಮಂಡಿಯೂರಿ ಅತ್ತೆಯ ಕಾಲು ಹಿಡ್ಕೊಳ್ಳೋಕೆ ಹೋದ.

ಅವರು ಕಾಲು ಹಿಂದಕ್ಕೆಳೆದ್ಕೊಂಡ್ರು. ಬಾಯಲ್ಲಿ ಇನ್ನೂ ಉಳಿದಿದ್ದ ಚೂರನ್ನ ಕೈವಸ್ತ್ರಕ್ಕೆ ಉಗುಳಿದ್ರು, ಮಡಿಸಿದ್ರು.

"ನನ್ನ ಮಗಳ ಹೆಸರು ಹೇಳ್ಕೊಂಡು ಇನ್ನೊಂದ್ಸಲ ಒಲೆ ಹಚ್ಚಬೇಡ ನೀನು."

ಅಲ್ಲಿವರೆಗೂ ಅಳಿಯಂದ್ರೆ, ನೀವು, ಬನ್ನಿ, ಕೂತ್ಕೊಳ್ಳಿ. ಮೊದಲ ಸಲ 'ನೀನು' ಅಂದಿದ್ದು. ನಾದಿನಿ ಒಳಗೆ ಹೋಗಿ ಮೊಳೆಯಿಂದ ಜರಡಿ ತಗೊಂಡ್ಳು. ಅಮ್ಮನ ತೋಳು ಹಿಡ್ಕೊಂಡು ನಡೆದ್ಳು. ಅವರ ಹಿಂದೆ ಒಬ್ಬೊಬ್ಬರೇ ಎದ್ದರು, ತಟ್ಟೆ ಇಟ್ಟಲ್ಲೇ ಬಿಟ್ಟು. ಪಕ್ಕದ ಮನೆಯಾಕೆ ಕೂಡ.

ಜರಡಿ ಹೋಯ್ತು, ಸದ್ದೂ ಹೋಯ್ತು. ಹೇಳಿಬಿಟ್ಟ ಮೇಲೆ ಎದೆ ಹಗುರಾಯ್ತಾ ಅಂತ ಕೇಳ್ತೀರಾ? ಇಲ್ಲ. ಭಾವ ಈಗ ಕೆಲಸ ಮುಗಿಸಿ ಬರ್ತಾ ದಿನಾ ಆ ಬಾವಿ ಹತ್ರ ನಿಲ್ತಾನೆ. ಹೆದರ್ಕೊಂಡು ಓಡಿದವನು, ಈಗ ತಾನಾಗೇ ಹೋಗಿ ನಿಲ್ತಾನೆ. ಇನ್ನೊಂದ್ಸಲ ಕರೀಲಿ ಅಂತ. ಒಮ್ಮೆ ಹಿಂದಿನಿಂದ ಬಂದು ನಾನೇ ಕೇಳಿಸ್ಕೊಂಡೆ. ಜಾಲರಿ ಮೇಲೆ ಬಗ್ಗಿ ಮೆಲ್ಲಗೆ ಅಂತಿದ್ದ: "ಬಂದೆ ಕಣೇ... ಬಂದೆ."

ಆ ಕಡೆಯಿಂದ ಏನೂ ಇಲ್ಲ. ನೀರು ಕೂಡ ಅಲ್ಲಾಡಲ್ಲ.

ಇನ್ನೊಂದು ಹೇಳಿ ಮುಗಿಸ್ತೀನಿ, ಇದನ್ನ ಯಾರೂ ನಂಬಲ್ಲ. ಆ ದಿನದ ನಂತರ ಭಾವ ಬಾಗಿಲು ಹಾಕ್ಕೊಂಡು ಮಲಗಿಬಿಟ್ಟಿದ್ದ. ಒಂದು ವಾರ ಕಳೆದು ನಾನು ಹೋಗಿ ಬಲವಂತಕ್ಕೆ ಬಾಗಿಲು ತೆಗೆಸ್ದೆ. ಮೇಜಿನ ಮೇಲೆ ಎಲ್ಲ ಹಾಗೇ ಬಿದ್ದಿತ್ತು. ಟೀಗೆ ಅಂತ ಇಟ್ಟಿದ್ದ ಸಕ್ಕರೆ ಬಟ್ಟಲಲ್ಲಿ ಸಕ್ಕರೆನೇ ಕಾಣದ ಹಾಗೆ ಕರೀ ಇರುವೆ. ಗೋಡೆಯಿಂದ ಸಾಲು ಹಿಡಿದು ಬರ್ತಿದ್ವು. ಅದರ ಪಕ್ಕದಲ್ಲೇ ಕೇಕು, ಮುಚ್ಚದೆ ಇಟ್ಟಿದ್ದು. ಇರುವೆ ಸಾಲು ಅದರ ಹತ್ರ ಬಂದು, ತಟ್ಟೆಯನ್ನ ಒಂದು ಸುತ್ತು ಬಳಸ್ಕೊಂಡು ಮುಂದೆ ಹೋಗ್ತಿತ್ತು. ಕೇಕಿನ ಮೇಲೆ ಒಂದೇ ಒಂದು ಇರುವೆ ಇರ್ಲಿಲ್ಲ. ಬೂಷ್ಟು ಹಿಡಿದಿರ್ಲಿಲ್ಲ. ಕ್ರೀಮು ಒಡೆದಿರ್ಲಿಲ್ಲ.

ನಾನೇ ಕೈಯಾರೆ ಎತ್ತಿ ಹೊರಗೆ ಹಾಕಿದ್ದು. ಒಂದು ವಾರ ಹೊರಗೆ ಬಿದ್ದಿದ್ದು, ಆಗಷ್ಟೇ ಫ್ರಿಜ್ಜಿಂದ ತೆಗೆದ ಹಾಗೆ ಇನ್ನೂ ತಣ್ಣಗಿತ್ತು.